ಕುರಿ ಕರೆಯುವ ಫೋನು

ನಮ್ಮ ಕೆಂಗುಟ್ಟೆಯಲ್ಲಿ ಮನೆಗೊಬ್ಬ ಕುರಿ ತಜ್ಞನಿದ್ದಾನೆ. ಕುರಿ ಕಾಯುವವರು ಮಾತ್ರ ಹೆಂಗಸರು. ತಲೆತಲಾಂತರದಿಂದ ನಡೆದುಬಂದ ಏರ್ಪಾಟು ಇದು, ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತಜ್ಞರಲ್ಲೆಲ್ಲ ದೊಡ್ಡ ತಜ್ಞ ಅಣ್ಣಯ್ಯಪ್ಪ. ಹಲ್ಲು ನೋಡಿ ಕುರಿಯ ವಯಸ್ಸು ಹೇಳುತ್ತಿದ್ದ, ಹಿಕ್ಕೆ ನೋಡಿ ಕಾಯಿಲೆ ಹೇಳುತ್ತಿದ್ದ, ಪೆನ್ನಾಗರಂ ಸಂತೆಯಲ್ಲಿ ಬೆನ್ನು ಒತ್ತಿ ನೋಡಿ ತೂಕವನ್ನೂ ಹೇಳುತ್ತಿದ್ದ. ಅವನ ಮನೆಯ ನಲವತ್ತು ಕುರಿಗಳು ಅವನ ಮಾತು ಕೇಳುತ್ತವೆಯೇ ಎಂಬ ಪ್ರಶ್ನೆ ಮಾತ್ರ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಎದ್ದಿರಲಿಲ್ಲ, ಏಕೆಂದರೆ ಅವುಗಳ ಜೊತೆ ಮಾತಾಡುತ್ತಿದ್ದವಳು ಅವನ ಹೆಂಡತಿ ಭಾಗ್ಯಲಕ್ಷ್ಮಿ.

ಪ್ರಶ್ನೆ ಎದ್ದದ್ದು ಮಗಳು ಇಂದುಜಾಳ ಹೆರಿಗೆಯ ಕಾಲಕ್ಕೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮಲ್ಲಿ ಇದು ಸರ್ಕಾರದ ಕಾನೂನಿಗಿಂತ ಗಟ್ಟಿ. ಆದರೆ ಮೆಟ್ಟೂರಿನ ಡಾಕ್ಟರಮ್ಮ, ಈ ಹುಡುಗಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಎಲ್ಲಿಗೂ ಹೋಗುವ ಹಾಗಿಲ್ಲ ಎಂದುಬಿಟ್ಟರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಬಳಿಗೆ ಹೋಗಬೇಕಾಯಿತು. ತಾಯಿಯಾದವಳು ಬೀಗರ ಮನೆಗೆ ಹೋಗಿ ಬಾಣಂತನ ಮಾಡುವುದನ್ನು ಹುಟ್ಟಿದಾಗಿನಿಂದ ಕೇಳಿಲ್ಲ ಎಂದು ಪಕ್ಕದ ಮನೆಯ ಗುಂಡಮ್ಮ ಇಡೀ ಬೀದಿಗೆ ಕೇಳುವಂತೆ ಹೇಳಿದಳು. ಗುಂಡಮ್ಮ ಏನು ಹೇಳಿದರೂ ಇಡೀ ಬೀದಿಗೆ ಕೇಳುತ್ತದೆ, ಪಾಪ, ಅದು ಅವಳ ತಪ್ಪಲ್ಲ.

ಭಾಗ್ಯಲಕ್ಷ್ಮಿಗೆ ಬೀಗರ ಚಿಂತೆಗಿಂತ ಕುರಿಗಳ ಚಿಂತೆ ಹೆಚ್ಚಾಗಿತ್ತು. ಮೂರು ತಿಂಗಳು ಇರಬೇಕು, ಆದರೆ ಕುರಿಗೇನಾದರೂ ತೊಂದರೆ ಎಂದು ಕೇಳಿಬಂದರೆ ಮಾರನೆಯ ದಿನವೇ ಬಂದುಬಿಡುತ್ತೇನೆ ಎಂದಳು. ಹಸಿ ಬಾಣಂತಿಯನ್ನೂ ಕೂಸನ್ನೂ ಬಿಟ್ಟು ಬರುವುದೆಂದರೇನು? ಅಣ್ಣಯ್ಯಪ್ಪನಿಗೆ ಮಗಳ ಮೇಲೆ ಪ್ರಾಣ, ತನ್ನ ಕುರಿ ಜ್ಞಾನದ ಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚು.

"ನಾನು ಉಟ್ಟಿದ್ದೇ ಕುರಿ ರೊಪ್ಪದಾಗೆ. ನೀನು ಮೂರು ತಿಂಗ್ಳು ನಿಮ್ಮದಿಯಾಗಿ ಇದ್ದು ಬಾ. ಒಂದು ಮರಿ ಕಮ್ಮಿಯಾದ್ರೆ ಕೇಳು" ಎಂದು ಹೇಳಿ ಅವಳನ್ನು ಬಸ್ಸು ಹತ್ತಿಸಿದ.

ಅವತ್ತು ಸಂಜೆ ಕುರಿಗಳು ಕಾಡಂಚಿನ ಕುರುಚಲಿನಲ್ಲಿ ಮೇಯುತ್ತಿದ್ದವು. ಅಣ್ಣಯ್ಯಪ್ಪ ಎತ್ತರದಲ್ಲಿ ನಿಂತು ಕರೆದ. ಕುರಿಗಳು ತಲೆಯೆತ್ತಿ ಅವನನ್ನು ನೋಡಿದವು, ಒಂದರ ಮುಖ ಒಂದು ನೋಡಿದವು, ಮತ್ತೆ ತಲೆ ತಗ್ಗಿಸಿದವು. ಮಂದೆಗೆ ಮುಂದಾಳು ಕೆಂಚಿ ಎಂಬ ಮುದಿ ಕುರಿ. ಅದು ನಡೆದರೆ ಮಿಕ್ಕವೂ ನಡೆಯುತ್ತವೆ. ಕೊನೆಗೆ ಅವನು ಕೆಂಚಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದ, ಮಿಕ್ಕ ಮೂವತ್ತೊಂಬತ್ತು ಹಿಂದೆ ಬಂದವು. ಮರುದಿನವೂ ಹೊತ್ತ, ಅದರ ಮರುದಿನವೂ ಹೊತ್ತ. ಯಾಕಪ್ಪಾ ಎಂದು ಕೇಳಿದವರಿಗೆ ಕೆಂಚಿಯ ಕಾಲು ಉಳುಕಿದೆ ಎಂದ. ಕೆಂಚಿ ಬೆಳಗ್ಗೆ ಎಲ್ಲರ ಕಣ್ಣೆದುರಿಗೇ ಕುಣಿಯುತ್ತ ಮೇಯಲು ಹೋಗುತ್ತಿತ್ತು.

ನಾಲ್ಕನೆಯ ದಿನ ಮೆಟ್ಟೂರಿನಿಂದ ಇಂದುಜಾ ಫೋನಿಗೆ ಒಂದು ದನಿ ಸಂದೇಶ ಕಳಿಸಿದಳು. ಮಗು ಹುಟ್ಟಿತ್ತು, ಹೆಣ್ಣು ಮಗು, ಅಳಲು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲವಂತೆ. ಅಜ್ಜಿ ಕುರಿ ಕರೆಯುವ ಹಾಗೆ ಕರೆದರೆ ಮಾತ್ರ ಕಣ್ಣರಳಿಸಿ ಸುಮ್ಮನಾಗುತ್ತದೆ, ನೀನೇ ಕೇಳಪ್ಪಾ ಎಂದು ಆ ಕರೆಯನ್ನೇ ಹಿಡಿದು ಕಳಿಸಿದ್ದಳು. ಅಣ್ಣಯ್ಯಪ್ಪ ಅಂಗಳದಲ್ಲಿ ನಿಂತು ಅದನ್ನು ಒತ್ತಿದ. "ಓ... ಬಾ ಬಾ ಬಾ. ಕೆಂಚೀ, ಒತ್ತಾಯ್ತು ಬಾರವ್ವಾ" ಎಂದು ಭಾಗ್ಯಲಕ್ಷ್ಮಿ ಕರೆದಳು, ಕೊನೆಯಲ್ಲಿ ಒಂದು ಸಲ ಕೆಮ್ಮಿದಳು. ರೊಪ್ಪದಲ್ಲಿದ್ದ ನಲವತ್ತು ಕುರಿಗಳೂ ತಡಿಕೆ ಮುರಿದುಕೊಂಡು ಬಂದು ಅವನ ಸುತ್ತ ನಿಂತವು.

ವಿಜ್ಞಾನದ ದೊಡ್ಡ ದೊಡ್ಡ ಸಂಗತಿಗಳು ಹೀಗೆಯೇ ಗೊತ್ತಾಗುವುದು. ಆದರೆ ಅಂಗಳದ ಮಾತು ಬೇರೆ, ಕಾಡಂಚಿನ ಮಾತು ಬೇರೆ. ಸಂಜೆ ಕುರುಚಲಿನಲ್ಲಿ ನಿಂತು ಒತ್ತಿದರೆ ದನಿ ಅವನ ಕಾಲಬುಡ ದಾಟಲಿಲ್ಲ. ಮಾರನೆಯ ದಿನ ಅವನು ಧರ್ಮಪುರಿಯ ಬಸ್ಸು ಹತ್ತಿದ.

ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಮುನಿರಾಜುವಿನ ಫೋನ್ ರಿಪೇರಿ ಅಂಗಡಿ. ಅಗಲ ಒಂದು ಬಾಗಿಲಿನಷ್ಟು; ಅವನು ಒಳಗೆ ಕೂತರೆ ಗಿರಾಕಿ ಬೀದಿಯಲ್ಲಿ ನಿಲ್ಲಬೇಕು. ಫೋನಿನ ದನಿ ಅರ್ಧ ಮೈಲಿ ಕೇಳಬೇಕು, ಯಾಕೆ ಎಂದು ಮಾತ್ರ ಕೇಳಬೇಡ ಎಂದ ಅಣ್ಣಯ್ಯಪ್ಪ. ಮುನಿರಾಜು ಕೇಳಲಿಲ್ಲ, ಅವನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಯಾಕೆ ಎಂದು ಹೇಳದವರೇ. ಕಂಪನಿಯವರು ದನಿಗೆ ಒಂದು ಗೆರೆ ಹಾಕಿದ್ದಾರೆ, ಆ ಗೆರೆ ದಾಟಬೇಕೆಂದರೆ ಫೋನನ್ನು ರೂಟ್ ಮಾಡಬೇಕು ಎಂದು ವಿವರಿಸಿದ.

"ಈಗ ನೀನು ಈ ಫೋನಾಗೆ ಬಾಡಿಗೆಗಿದ್ದೀಯ ಅಣ್ಣಾ. ರೂಟ್ ಮಾಡುದ್ರೆ ಮನೆ ನಿಂದೇ. ಗೋಡೆ ಒಡಿ, ಬಾಗ್ಲು ಇಡು, ಯಾರೂ ಕೇಳಂಗಿಲ್ಲ."

ಸ್ವಂತ ಮನೆ ಯಾರಿಗೆ ಬೇಡ? ಅಣ್ಣಯ್ಯಪ್ಪ ಒಪ್ಪಿದ. ಕೆಲಸ ಮುಗಿಯುವ ಹೊತ್ತಿಗೆ ಫೋನಿನ ದನಿಗೆ ಅಂಗಡಿಯ ಗಾಜಿನ ಕಪಾಟು ನಡುಗಿತು, ಎದುರಿನ ಜ್ಯೂಸ್ ಅಂಗಡಿಯವನು ಯಾರು ಬಂದರು ಎಂದು ಹೊರಗೆ ಬಂದು ನೋಡಿದ. ಬ್ಯಾಂಕಿನ ಆಪ್ ಮಾತ್ರ, ಈ ಫೋನನ್ನು ನಂಬಲಾಗುವುದಿಲ್ಲ ಎಂದು ಹೇಳಿ ತಾನಾಗಿಯೇ ಮುಚ್ಚಿಕೊಂಡಿತು. ಅಣ್ಣಯ್ಯಪ್ಪನಿಗೆ ಅದರಿಂದ ಬೇಜಾರಾಗಲಿಲ್ಲ. ಬ್ಯಾಂಕಿನವರು ಮೊದಲೂ ಅವನನ್ನು ನಂಬಿದವರಲ್ಲ.

ಮದ್ದಿಗೆ ಪಥ್ಯ ಇರುವಂತೆ ಇದಕ್ಕೂ ಒಂದು ಪಥ್ಯವಿತ್ತು. ಮನೆ ತನ್ನ ಕೈಬಿಟ್ಟು ಹೋದದ್ದು ಕಂಪನಿಗೆ ಗೊತ್ತಿಲ್ಲವಲ್ಲ, ಅದು ದಿನಾ ಹೊಸ ಅಪ್‌ಡೇಟ್ ಕಳಿಸಿ, ಹಾಕಲೇ ಎಂದು ಕೇಳುತ್ತದೆ. ತಾನಾಗಿಯೇ ಹಾಕಿಕೊಳ್ಳದಂತೆ ಮುನಿರಾಜು ಬಂದೋಬಸ್ತು ಮಾಡಿದ್ದ. ಕೇಳುವುದನ್ನೇ ನಿಲ್ಲಿಸಬೇಕೆಂದರೆ ಇನ್ನರ್ಧ ದಿನ ಬೇಕು, ಅಣ್ಣಯ್ಯಪ್ಪನ ಬಸ್ಸೋ ನಾಲ್ಕು ಗಂಟೆಗೆ. ಅದು ಕೇಳುತ್ತಿರಲಿ, ನೀನು ಆಮೇಲೆ ಎನ್ನುತ್ತಿರು ಎಂದು ಮುನಿರಾಜು ಬುದ್ಧಿ ಹೇಳಿದ. ಅಪ್ಪಿತಪ್ಪಿ ಹೂಂ ಎಂದರೆ ಫೋನು ಹಳೆಯದಾಗಿಯೂ ಉಳಿಯುವುದಿಲ್ಲ, ಹೊಸದೂ ಆಗುವುದಿಲ್ಲ, ನಡುವೆ ಸಿಕ್ಕಿಕೊಳ್ಳುತ್ತದೆ. ಅಪ್‌ಡೇಟ್ ಬೇಕೇಬೇಕು ಎಂದಾದರೆ ಮೊದಲು ರೂಟ್ ಬಿಚ್ಚಬೇಕು, ಆಮೇಲೆ ಅಪ್‌ಡೇಟ್ ಹಾಕಬೇಕು, ಆಮೇಲೆ ಮತ್ತೆ ರೂಟ್ ಕಟ್ಟಬೇಕು. ಅದು ತನ್ನೊಬ್ಬನ ಕೈಯಲ್ಲಿ ಮಾತ್ರ ಆಗುವಂಥದ್ದು ಎಂದ.

ಅಂದಿನಿಂದ ಅಣ್ಣಯ್ಯಪ್ಪನ ದಿನಚರಿ ಬದಲಾಯಿತು. ಬೆಳಗಿನ ಕಾಫಿಯ ಹೊತ್ತಿಗೆ ಫೋನು ಒಂದು ಸಲ ಕೇಳುತ್ತಿತ್ತು, ಮಧ್ಯಾಹ್ನ ಊಟದ ಮೇಲೆ ಒಂದು ಸಲ, ಮೂರೂವರೆಗೆ ಒಂದು ಸಲ. ಎರಡು ಚೌಕ, ಒಂದರಲ್ಲಿ ಈಗಲೇ ಎಂದೂ ಇನ್ನೊಂದರಲ್ಲಿ ಆಮೇಲೆ ಎಂದೂ ತಮಿಳಿನಲ್ಲಿ ಬರೆದಿರುತ್ತಿತ್ತು. ಅವನು ಹೆಬ್ಬೆರಳು ಒರೆಸಿಕೊಂಡು, ಉಸಿರು ಬಿಗಿಹಿಡಿದು, ಆಮೇಲೆ ಎಂಬುದನ್ನು ಒತ್ತುತ್ತಿದ್ದ. ಕೆಲವೇ ದಿನಗಳಲ್ಲಿ ಆ ಮಾತು ಅವನ ಬಾಯಿಗೂ ಹತ್ತಿಕೊಂಡಿತು. ಹಾಲಿನವನಿಗೆ ಆಮೇಲೆ, ಪಂಚಾಯ್ತಿಯ ನೀರಿನವನಿಗೆ ಆಮೇಲೆ, ಯುಗಾದಿಗೆ ಸುಣ್ಣ ಹೊಡೆಸುವುದಿಲ್ಲವೇ ಎಂದವರಿಗೂ ಆಮೇಲೆ.

ಸಂಜೆ ಐದಕ್ಕೆ ಅವನು ಅಲ್ಯೂಮಿನಿಯಂ ಅನ್ನದ ಗುಂಡಿಯೊಂದನ್ನು, ಅಂದರೆ ದುಂಡು ಪಾತ್ರೆಯೊಂದನ್ನು, ಟವೆಲ್ಲಿನಲ್ಲಿ ಮುಚ್ಚಿ ಹಿಡಿದುಕೊಂಡು ಊರಾಚೆಯ ಬೋಳುಬಂಡೆಗೆ ಹೋಗುತ್ತಿದ್ದ. ಗುಂಡಿಯೊಳಗೆ ಫೋನು ಇಟ್ಟು ಬಾಯಿ ಕಾಡಿನ ಕಡೆ ತಿರುಗಿಸಿದರೆ ದನಿಗೆ ಇನ್ನಷ್ಟು ಬಲ ಬರುತ್ತದೆ ಎಂಬುದು ಅವನದೇ ಸಂಶೋಧನೆ. ಐದೂವರೆಗೆ ಬಂಡೆಯ ಕಡೆಯಿಂದ ಭಾಗ್ಯಲಕ್ಷ್ಮಿಯ ಕರೆ ಕೇಳುತ್ತಿತ್ತು, ಕುರಿಗಳು ಸಾಲಾಗಿ ಮನೆಗೆ ಬರುತ್ತಿದ್ದವು. ಕೆಂಚಿಯ ಕಾಲು ವಾಸಿಯಾಯಿತು ಎಂದು ಅವನೇ ಎಲ್ಲರಿಗೂ ಹೇಳಿದ. ಮೆಟ್ಟೂರಿನಿಂದ ಹೆಂಡತಿ ಮಗಳ ಫೋನಿನಲ್ಲಿ ದಿನಾ ಬೆಳಗ್ಗೆ ಕೇಳುತ್ತಿದ್ದಳು, ಇವನು ಕಾಲ ಮೇಲೆ ಕಾಲು ಹಾಕಿಕೊಂಡು ಎಲ್ಲ ಸರಿಯಾಗಿದೆ ಎನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಗುಂಡಮ್ಮನಿಗೂ ಕಣ್ಣು ಕಿವಿ ಇವೆ. ಮೆಟ್ಟೂರಿಗೆ ಹೋದ ಹೆಂಗಸಿನ ದನಿ ಬಂಡೆಯ ಮೇಲಿಂದ ಕೇಳುತ್ತದೆ. ಗಂಡನಾದವನು ದಿನಾ ಅದೇ ಹೊತ್ತಿಗೆ ಅನ್ನದ ಗುಂಡಿ ಮುಚ್ಚಿಕೊಂಡು ಅಲ್ಲಿಗೆ ಹೋಗುತ್ತಾನೆ, ಖಾಲಿ ಗುಂಡಿ ತರುತ್ತಾನೆ. ಬಂಡೆಯ ಕೆಳಗೆ ಮಳೆಗೆ ನಾಲ್ಕು ಜನ ನಿಲ್ಲುವಷ್ಟು ಜಾಗವೂ ಇದೆ. ಪೊಲೀಸಿನವರಾದರೂ ಇದಕ್ಕಿಂತ ಬೇರೆ ತೀರ್ಮಾನಕ್ಕೆ ಬರುತ್ತಿರಲಿಲ್ಲ. ಬೀಗರ ಜೊತೆ ಮನಸ್ತಾಪವಾಗಿ ಭಾಗ್ಯಲಕ್ಷ್ಮಿ ವಾಪಸ್ಸು ಬಂದಿದ್ದಾಳೆ, ಊರಿಗೆ ಮುಖ ತೋರಿಸಲಾರದೆ ಬಂಡೆಯ ಕೆಳಗೆ ಕೂತಿದ್ದಾಳೆ, ಅಲ್ಲಿದ್ದರೂ ಕುರಿ ಕರೆಯುವ ಕೆಲಸ ಬಿಟ್ಟಿಲ್ಲ ಎಂದು ಗುಂಡಮ್ಮ ಹೇಳಿದಾಗ ನಮ್ಮ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು.

ಅಣ್ಣಯ್ಯಪ್ಪನನ್ನು ನೇರವಾಗಿ ಕೇಳಿದ್ದೂ ಉಂಟು. ಅವನು ಮೆಟ್ಟೂರಿನಲ್ಲಿದ್ದಾಳೆ ಎಂದ. ಹಾಗಾದರೆ ಮಗಳ ನಂಬರು ಕೊಡಿ, ಎರಡು ಮಾತಾಡುತ್ತೇನೆ ಎಂದಳು ಗುಂಡಮ್ಮ. ಕುರಿಗಳು ತನ್ನ ಮಾತು ಕೇಳುವುದಿಲ್ಲ ಎಂಬುದು ಆ ಕಡೆಗೆ ತಿಳಿದುಹೋಗುತ್ತದಲ್ಲ ಎಂದು ಅವನು ಆಮೇಲೆ ಎಂದ. ಅಲ್ಲಿಗೆ ಇದ್ದ ಅನುಮಾನವೂ ಹೋಯಿತು.

ನಮ್ಮೂರಿನ ಹೆಂಗಸರು ಬಾಯಿಜೋರಿನವರಾದರೂ ಕರುಳಿದ್ದವರು. ಬಂಡೆಯ ಕೆಳಗೆ ಕೂತವಳು ಗಂಡನ ಕೈಯಡುಗೆ ತಿಂದು ಎಷ್ಟು ದಿನ ಬದುಕುತ್ತಾಳೆ? ಒಂದು ಮನೆಯಿಂದ ರಾಗಿ ಮುದ್ದೆ ಬಂತು, ಒಂದು ಮನೆಯಿಂದ ಅವರೆಕಾಳು ಸಾರು, ಒಂದು ಮನೆಯಿಂದ ನುಗ್ಗೆಸೊಪ್ಪಿನ ಪಲ್ಯ. ಯಾರಿಗೆ ಎಂದು ಯಾರೂ ಹೇಳಲಿಲ್ಲ. ಅಣ್ಣಾ, ಓಗ್ತಾ ತಗೊಂಡೋಗು ಎಂದಷ್ಟೇ ಹೇಳಿ ತಟ್ಟೆ ಮುಚ್ಚಿ ಇಟ್ಟುಹೋದರು. ದಿನಾ ಕರೆಯ ಕೊನೆಯಲ್ಲಿ ಅದೇ ಕೆಮ್ಮು ಕೇಳುತ್ತಿದ್ದುದರಿಂದ, ಬಂಡೆಯ ಥಂಡಿಗೆ ಎದೆ ಕಟ್ಟಿದೆ ಎಂದು ಗುಂಡಮ್ಮ ಮೆಣಸು ಶುಂಠಿ ಕುದಿಸಿ ಕಷಾಯವನ್ನೂ ಕಳಿಸಿದಳು. ಅಣ್ಣಯ್ಯಪ್ಪ ನಿಜ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡನಂತೆ. ಆದರೆ ನಿಜ ಹೇಳಲು ಬಾಯಿ ಖಾಲಿ ಇರಬೇಕು, ಅವನದು ಆ ದಿನಗಳಲ್ಲಿ ಖಾಲಿ ಇದ್ದದ್ದೇ ಕಡಿಮೆ. ಒಂದು ತಿಂಗಳಲ್ಲಿ ಅವನ ಕೆನ್ನೆ ತುಂಬಿತು, ಅಂಗಿಯ ಗುಂಡಿ ಬಿಗಿಯಾಯಿತು. ಹೆಂಡತಿ ಬಂಡೆಯ ಕೆಳಗಿರುವಾಗ ಇವನು ಹೀಗೆ ದಪ್ಪವಾಗುವುದೇ ಎಂದು ಹೆಂಗಸರಿಗೆ ಕೋಪ ಬಂದು, ಅವಳ ಪಾಲನ್ನೂ ಇವನೇ ತಿನ್ನುತ್ತಿರಬೇಕು ಎಂದು ತಟ್ಟೆಗಳನ್ನು ಇನ್ನೂ ದೊಡ್ಡದು ಮಾಡಿದರು.

ಶಂಕಗಿರಿಯಲ್ಲಿರುವ ಅಣ್ಣಯ್ಯಪ್ಪನ ಅಕ್ಕನಿಗೆ ಸುದ್ದಿ ಮುಟ್ಟಿಸಿದವಳೂ ಗುಂಡಮ್ಮನೇ. ಅಕ್ಕನನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವುದು. ಗಂಡನ ಲಾರಿ ಬುಕಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತು, ಬಾಗಿಲಿಗೆ ಬಂದ ಡ್ರೈವರುಗಳಿಗೆಲ್ಲ ನಿಂತ ಕಾಲಿನಲ್ಲೇ ಜವಾಬು ಕೊಟ್ಟು ಕಳಿಸಿ ಅಭ್ಯಾಸವಾದ ಹೆಂಗಸು. ಒಂದು ದಿನ ಬೆಳಗಿನ ಕಾಫಿಯ ಹೊತ್ತಿಗೇ ಬಂದಿಳಿದಳು. ಬಂದವಳು ನೀರನ್ನೂ ಕುಡಿಯದೆ ಅಟ್ಟ ನೋಡಿದಳು, ರೊಪ್ಪ ನೋಡಿದಳು, ಸೌದೆ ಕೋಣೆ ನೋಡಿದಳು. ಭಾಗ್ಯಲಕ್ಷ್ಮಿ ಎಲ್ಲಿ ಎಂದಳು. ಮೆಟ್ಟೂರು ಎಂದ ತಮ್ಮ. ಹಾಗಾದರೆ ದಿನಾ ಸಂಜೆ ಕೆಮ್ಮುವವಳು ಯಾರು ಎಂದಳು. ಅವನು, ಅದನ್ನು ಆಮೇಲೆ ಹೇಳುತ್ತೇನೆ ಎಂದ.

ದೊಡ್ಡಕ್ಕ ಅವತ್ತೆಲ್ಲ ತಮ್ಮನನ್ನು ಕಣ್ಣಿಟ್ಟು ನೋಡಿದಳು. ಬೆಳಗ್ಗೆ ಫೋನು ಏನೋ ಕೇಳಿತು, ಅವನು ಆಮೇಲೆ ಎಂದ. ಊಟದ ಮೇಲೆ ಕೇಳಿತು, ಆಮೇಲೆ ಎಂದ. ಮೂರೂವರೆಗೆ ಅವನು ನಲ್ಲಿಗೆ ನೀರು ಹಿಡಿಯಲು ಹೋಗಿದ್ದಾಗ ಗೂಡಿನಲ್ಲಿಟ್ಟಿದ್ದ ಫೋನು ಮತ್ತೆ ಕೇಳಿತು. ದೊಡ್ಡಕ್ಕ ಶಂಕಗಿರಿಯವಳು, ತಮಿಳು ಚೆನ್ನಾಗಿ ಓದುತ್ತಾಳೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಎಲ್ಲ ಸಿದ್ಧವಾಗಿದೆ, ನಿಮ್ಮ ಒಪ್ಪಿಗೆ ಒಂದೇ ಬಾಕಿ ಎಂದು ಎಷ್ಟು ಮರ್ಯಾದೆಯಾಗಿ ಬರೆದಿತ್ತು. ತಮ್ಮನ ಸಂಸಾರ ಬಂಡೆಯ ಕೆಳಗೆ ಸೇರಿದ್ದು ಯಾಕೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಹೆಂಡತಿಗೂ ಇವನು ಹೀಗೆಯೇ ಆಮೇಲೆ ಆಮೇಲೆ ಎಂದಿರಬೇಕು. ಅವಳು ಈಗಲೇ ಎಂಬುದನ್ನು ಗಟ್ಟಿಯಾಗಿ ಒತ್ತಿದಳು.

ಅಣ್ಣಯ್ಯಪ್ಪ ನೀರು ತಂದಿಳಿಸಿ ನೋಡುತ್ತಾನೆ, ಫೋನಿನಲ್ಲಿ ಒಂದು ಚಕ್ರ ತಿರುಗುತ್ತಿದೆ.

"ಬಾಗ್ಲಿಗೆ ಬಂದು ಮೂರು ಸಲ ಕೇಳ್ದೋರ್ನ ಬರಿಗೈಲಿ ಕಳಿಸ್ತಾರೇನ್ಲಾ?" ಎಂದಳು ದೊಡ್ಡಕ್ಕ. "ಪಾಪ, ಬೆಳಗಿಂದ ಕೇಳ್ತಾ ಐತೆ. ನಾನು ಊಂ ಅಂದೆ."

ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. ಚಕ್ರ ನಿಂತಿತು, ಫೋನು ಆರಿತು. ಕಂಪನಿಯ ಹೆಸರು ಹೊತ್ತಿಕೊಂಡಿತು, ಆರಿತು, ಮತ್ತೆ ಹೊತ್ತಿಕೊಂಡಿತು. ಹತ್ತು ನಿಮಿಷ ಹೀಗೆಯೇ ನಡೆದಾಗ ದೊಡ್ಡಕ್ಕನಿಗೂ ಕೊಂಚ ಗಾಬರಿಯಾಗಿ ವಿಭೂತಿ ಹಚ್ಚಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಗುಂಡಮ್ಮನ ಬಟನ್ ಫೋನಿನಿಂದ ಮುನಿರಾಜುವಿಗೆ ಫೋನು ಹೋಯಿತು. ಅವನು ಯಾರು ಹೂಂ ಎಂದವರು ಎಂದು ಕೇಳಿ, ಉತ್ತರ ಕೇಳಿ ಒಂದು ನಿಟ್ಟುಸಿರು ಬಿಟ್ಟ. ಫೋನು ಸತ್ತಿಲ್ಲ, ನಡುವೆ ಸಿಕ್ಕಿಕೊಂಡಿದೆ, ನಾಳೆ ತಂದರೆ ನಾಲ್ಕು ಗಂಟೆಯ ಕೆಲಸ ಎಂದ. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲಾಗಿತ್ತು, ಕುರಿಗಳು ಕಾಡಂಚಿನಲ್ಲಿದ್ದವು.

ಅಣ್ಣಯ್ಯಪ್ಪ ಓಡಿದ. ಅವನ ಓಟ ನೋಡಿ ದೊಡ್ಡಕ್ಕ ಓಡಿದಳು, ಅವಳ ಹಿಂದೆ ಗುಂಡಮ್ಮ, ಗುಂಡಮ್ಮನ ಹಿಂದೆ ನಾವೆಲ್ಲ. ಕುರಿಗಳು ಅವತ್ತು ಅರಣ್ಯ ಇಲಾಖೆಯ ಗಡಿಕಲ್ಲಿನ ಹತ್ತಿರಕ್ಕೇ ಹೋಗಿದ್ದವು. ಕಲ್ಲಿನಾಚೆ ಎಳೆ ಹುಲ್ಲು, ಅದಕ್ಕೂ ಆಚೆ ಹೋದ ವಾರ ಚಿರತೆಯ ಹೆಜ್ಜೆ ಕಂಡ ಹಳ್ಳ. ಅಣ್ಣಯ್ಯಪ್ಪ ಕರೆದ. ದೊಡ್ಡಕ್ಕ ಕರೆದಳು, ಗುಂಡಮ್ಮ ಕರೆದಳು. ಗುಂಡಮ್ಮ ಕರೆದಾಗ ಪಕ್ಕದ ಊರಿನ ಇಬ್ಬರು ಏನಾಯಿತೆಂದು ಬಂದರು, ಕುರಿಗಳು ಬರಲಿಲ್ಲ. ಅಣ್ಣಯ್ಯಪ್ಪ ಕೆಂಚಿಯನ್ನು ಹಿಡಿಯಲು ಹೋದ. ತಿಂಗಳಿಂದ ತಿಂದದ್ದು ಸುಮ್ಮನೆ ಹೋಗುತ್ತದೆಯೇ? ಅವನು ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಕೆಂಚಿ ನಲವತ್ತು ಹೆಜ್ಜೆ ಮೇಲಕ್ಕೆ ಹೋಗಿತ್ತು.

ಅಷ್ಟರಲ್ಲಿ ಅರಣ್ಯ ಇಲಾಖೆಯ ಗಾರ್ಡು ಶಂಕರ್ ಬೈಕಿನಲ್ಲಿ ಬಂದ. ಸೇಲಂ ಕಡೆಯ ತಮಿಳಿನವನು, ಒಳ್ಳೆಯವನು, ಆದರೆ ಕಾನೂನಿನವನು. ಆರು ಗಂಟೆಯ ಮೇಲೆ ಕಲ್ಲಿನಾಚೆ ಕುರಿ ಕಂಡರೆ ರೇಂಜ್ ಆಫೀಸಿಗೆ ಹೊಡೆದುಕೊಂಡು ಹೋಗಬೇಕಾಗುತ್ತದೆ, ಚಿರತೆ ಹೊಡೆದರೆ ಅದಕ್ಕೂ ತಾನು ಹೊಣೆಯಲ್ಲ ಎಂದು ಬೇಸರದಿಂದಲೇ ಹೇಳಿದ. ಆಮೇಲೆ ಗಡಿಯಾರ ನೋಡಿಕೊಂಡು, "ಅಮ್ಮಾ ಇನ್ನಿಕ್ಕಿ ಕೂಪ್ಪಿಡಲಿಯಾ?" ಎಂದು ಕೇಳಿದ. ಅಮ್ಮ ಇವತ್ತು ಇನ್ನೂ ಕರೆದಿಲ್ಲವಲ್ಲ, ನಾನು ಒಂದು ತಿಂಗಳಿಂದ ಅವರ ದನಿಗೇ ಡ್ಯೂಟಿ ಮುಗಿಸುವುದು ಎಂದ.

ಸರ್ಕಾರವೇ ಹೀಗೆ ಕೇಳಿದ ಮೇಲೆ ಇನ್ನು ಮುಚ್ಚಿಡುವುದೇನು ಎಂದು ಗುಂಡಮ್ಮ ತಿರುಗಿ ನಿಂತಳು. ಬಂಡೆಗೆ ಹೋಗಿ ಭಾಗ್ಯಲಕ್ಷ್ಮಿಯನ್ನೇ ಕರೆತರೋಣ, ಮನೆಯ ಕುರಿ ಕಾಡುಪಾಲಾಗುವಾಗಲೂ ಅವಳು ಮುನಿಸಿಕೊಂಡು ಕೂರುವವಳಲ್ಲ ಎಂದಳು. ಎಲ್ಲರೂ ಬಂಡೆಯ ಕಡೆ ಹೊರಟೆವು. ಬೇಡ, ಅಲ್ಲಿ ಯಾರೂ ಇಲ್ಲ ಎಂದು ಅಣ್ಣಯ್ಯಪ್ಪ ಹಿಂದಿನಿಂದ ಕೂಗುತ್ತಲೇ ಇದ್ದ. ಗಂಡನಾದವನು ಹಾಗೆ ಹೇಳಲೇಬೇಕಲ್ಲ ಎಂದು ನಾವು ಯಾರೂ ತಿರುಗಿ ನೋಡಲಿಲ್ಲ. ಬಂಡೆಯ ಕೆಳಗೆ ಕತ್ತಲಿತ್ತು. ದೊಡ್ಡಕ್ಕ ದಾರಿಯಲ್ಲಿ ಸಿಕ್ಕ ತಂಗಡಿ ಹೂವನ್ನು ಸೆರಗಿನಲ್ಲಿ ಹಿಡಿದು, ದನಿ ಮೆತ್ತಗೆ ಮಾಡಿಕೊಂಡು, "ಭಾಗ್ಯಾ, ತಪ್ಪೆಲ್ಲಾ ನಮ್ ಕಡೇದು ಕಣವ್ವಾ. ಇವನ್ನ ಅಡ್ಡಾದಿಡ್ಡಿಯಾಗಿ ಬೆಳೆಸ್ದೋಳು ನಾನೇ. ಎದ್ದು ಬಾರವ್ವಾ" ಎಂದಳು. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. ಬಂಡೆಯ ಕೆಳಗಿಂದ ಒಂದು ಮುಂಗುಸಿ ಎದ್ದು ನಮ್ಮನ್ನೆಲ್ಲ ನೋಡಿ ಓಡಿಹೋಯಿತು.

ಅಣ್ಣಯ್ಯಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಮೆಟ್ಟೂರಿನ ಸಂದೇಶ, ಮುನಿರಾಜು, ರೂಟ್, ಗುಂಡಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು. ಗುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನು ಕೊಟ್ಟ ಕಷಾಯ?" ಎಂದಳು.

"ನಾನೇ ಕುಡ್ದೆ."

"ಅವರೆಕಾಳು ಸಾರು?"

"ಅದೂ."

ಜಗಳ ಮಾಡಲು ಸಮಯವಿರಲಿಲ್ಲ, ಅದೊಂದೇ ಅವನ ಪುಣ್ಯ. ಫೋನಿನಲ್ಲಿ ಭಾಗ್ಯಲಕ್ಷ್ಮಿಯನ್ನು ಹಿಡಿದು ಕರೆಸೋಣ ಎಂದರೆ ಗುಂಡಮ್ಮನ ಬಟನ್ ಫೋನಿನ ದನಿ ನಾಲ್ಕು ಹೆಜ್ಜೆ ಆಚೆಗೆ ಕೇಳುವುದಿಲ್ಲ. ಆಗ ಮೈಕ್‌ಸೆಟ್ ತಿಮ್ಮರಾಜು ಮುಂದೆ ಬಂದ. ಮುನಿಯಪ್ಪನ ಗುಡಿಯ ಮೈಕು ಅವನದೇ. ಹಾರ್ನು ಹಾಕಿದರೆ ಮೂರು ಊರಿಗೆ ಕೇಳುತ್ತದೆ, ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ ಎಂದ. ನಾವು ಗುಡಿಗೆ ಓಡಿದೆವು. ಇಂದುಜಾಳ ನಂಬರು ಕೊನೆಗೂ ಅಣ್ಣಯ್ಯಪ್ಪನ ಬಾಯಿಂದ ಹೊರಬಿತ್ತು.

ಫೋನು ಎತ್ತಿದವಳು ಭಾಗ್ಯಲಕ್ಷ್ಮಿಯೇ. ತೊಡೆಯ ಮೇಲೆ ಮಗು ಇತ್ತು, ಅದರ ದನಿ ಕೇಳಿಸುತ್ತಿತ್ತು. ಅಣ್ಣಯ್ಯಪ್ಪ ಗುಡಿಯ ಕಂಬ ಹಿಡಿದುಕೊಂಡು, ನಮ್ಮೆಲ್ಲರ ಎದುರಿಗೆ ಹೇಳಿದ.

"ಅವು ನನ್ ಮಾತು ಕೇಳಾಕಿಲ್ಲ ಕಣೇ. ಒಂದಿನಾನೂ ಕೇಳಿಲ್ಲ. ಅಂಗಂತ ನೀನು ಕೂಸ್ ಬಿಟ್ಟು ಓಡ್ಬರಬೇಡ."

ಆ ಕಡೆಯಿಂದ ಮಗುವನ್ನು ತಟ್ಟುವ ಸದ್ದು ಕೇಳಿತು.

"ನಾನ್ಯಾಕೆ ಬರ್ಲಿ, ನನ್ ದನಿ ಬಂದ್ರೆ ಸಾಕಲ್ಲ" ಎಂದಳು ಭಾಗ್ಯಲಕ್ಷ್ಮಿ. ಆಮೇಲೆ ಹಾರ್ನು ಯಾವ ಕಡೆ ನೋಡುತ್ತಿದೆ ಎಂದು ಕೇಳಿ ಗುಡ್ಡದ ಕಡೆ ತಿರುಗಿಸಲು ಹೇಳಿದಳು. ಯಾರೂ ಗಲಾಟೆ ಮಾಡಬಾರದು, ಅವರು, ಅಂದರೆ ಗಂಡ, ಮಂದೆಯ ಹಿಂದೆ ಹೋಗಿ ನಿಲ್ಲಲಿ, ಎಳೆ ಮರಿಗಳು ಪೊದೆಯಲ್ಲಿ ಹಿಂದುಳಿಯುತ್ತವೆ, ಅವನ್ನು ನೋಡಿಕೊಂಡು ಎಲ್ಲಕ್ಕಿಂತ ಕೊನೆಗೆ ಬರಲಿ ಎಂದಳು. ಸೇನಾಪತಿ ಹೇಳಿದ ಹಾಗೆ ಹೇಳಿದಳು, ನಾವೂ ಹಾಗೆಯೇ ಕೇಳಿದೆವು. ಅಣ್ಣಯ್ಯಪ್ಪನನ್ನು ಶಂಕರ್ ಬೈಕಿನಲ್ಲಿ ಕೂರಿಸಿಕೊಂಡು ಗಡಿಕಲ್ಲಿಗೆ ಬಿಟ್ಟ.

ಫೋನಿನ ವಿಷಯವನ್ನು ಇಲ್ಲಿಯೇ ಹೇಳಿ ಮುಗಿಸಿಬಿಡುತ್ತೇನೆ, ಮುಂದೆ ಅದರ ಗೊಡವೆ ನಮಗೆ ಬೇಡ. ಆ ವಾರ ಮುನಿರಾಜು ಅದರ ರೂಟ್ ಬಿಚ್ಚಿ, ಅಪ್‌ಡೇಟ್ ಹಾಕಿ, ಮತ್ತೆ ರೂಟ್ ಕಟ್ಟಲೇ ಅಣ್ಣಾ ಎಂದು ಕೇಳಿದನಂತೆ. ಬೇಡಪ್ಪ, ಬಾಡಿಗೆಗೇ ಇರುತ್ತೇನೆ ಎಂದು ಅಣ್ಣಯ್ಯಪ್ಪ ಹೇಳಿಬಂದ. ಬ್ಯಾಂಕಿನ ಆಪ್ ಈಗ ಅವನನ್ನು ನಂಬುತ್ತದೆ. ಸಂದೇಶ ಹೇಗೋ ಉಳಿದುಕೊಂಡಿತ್ತು, ಆದರೆ ಅದರ ಅಗತ್ಯ ಬೀಳಲಿಲ್ಲ. ಉಳಿದ ಎರಡು ತಿಂಗಳೂ ಐದೂವರೆಗೆ ಮೆಟ್ಟೂರಿನಿಂದ ಗುಡಿಯ ಮೈಕಿಗೆ ಫೋನು ಬರುತ್ತಿತ್ತು. ಗುಂಡಮ್ಮ ಅದಕ್ಕೂ ಮೊದಲೇ ಹೋಗಿ ಜಗಲಿಯ ಮೇಲೆ ಕೂತಿರುತ್ತಿದ್ದಳು, ಕುರಿ ಕರೆದಾದ ಮೇಲೆ ಮಗುವಿನ ಯೋಗಕ್ಷೇಮ ಕೇಳಬೇಕಲ್ಲ.

ಅವತ್ತಿನ ಸಂಜೆಗೆ ಬರುತ್ತೇನೆ. ತಿಮ್ಮರಾಜು ಫೋನನ್ನು ಮೈಕಿನ ಬಾಯಿಗೆ ಒತ್ತಿ ಹಿಡಿದ. ಹಾರ್ನು ಒಮ್ಮೆ ಕಿರುಗುಟ್ಟಿತು. ಆಮೇಲೆ ಗುಡ್ಡ, ಹಳ್ಳ, ಹೊಲ ಎಲ್ಲ ತುಂಬುವಂತೆ ಆ ಕರೆ ಬಂತು. ದಿನಾ ಕೇಳುತ್ತಿದ್ದ ಆ ನಾಲ್ಕು ಮಾತಲ್ಲ. ಭಾಗ್ಯಲಕ್ಷ್ಮಿ ಕೆಂಚಿಯನ್ನು ಕರೆದಳು, ಕೆಂಚಿಯ ಮಕ್ಕಳನ್ನು ಕರೆದಳು, ಒಂದೊಂದು ಕುರಿಯ ಹೆಸರು ಹಿಡಿದು ನಲವತ್ತನ್ನೂ ಕರೆದಳು, ಸಾಕು ಬನ್ನಿರವ್ವಾ ಮನೆಗೆ ಎಂದಳು. ಬಾಣಂತಿ ಮನೆಯಲ್ಲಿ ಕೂತು, ಕಣ್ಣಿಗೆ ಕಾಣದ ಮಂದೆಯ ಜೊತೆ ಎದುರಿಗೆ ನಿಂತವಳಂತೆ ಮಾತಾಡಿದಳು. ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿದಳು.

ಗುಡ್ಡದ ಮೇಲೆ ಧೂಳೆದ್ದಿತು. ಕುರುಚಲಿನ ನಡುವಿನಿಂದ ಬೆಳ್ಳಗೆ ಕಪ್ಪಗೆ ಉಕ್ಕಿಕೊಂಡು ಮಂದೆ ಇಳಿಯಿತು, ಹೊಲ ದಾಟಿತು, ಕಣದ ಬೇಲಿಯನ್ನು ಬಳಸಿಕೊಂಡು ಗುಡಿಯ ಬಯಲಿಗೆ ನುಗ್ಗಿತು. ಎಳೆ ಮರಿಗಳೂ ತಾಯಂದಿರ ಪಕ್ಕದಲ್ಲೇ ಇದ್ದವು, ಒಂದೂ ಪೊದೆಯಲ್ಲಿ ಉಳಿದಿರಲಿಲ್ಲ. ಮಂದೆಯ ಹಿಂದೆ ಅಣ್ಣಯ್ಯಪ್ಪ ಕಾಣಲಿಲ್ಲ, ಶಂಕರ್ ಒಬ್ಬನೇ ಬೈಕು ತಳ್ಳಿಕೊಂಡು ಬರುತ್ತಿದ್ದ. ಗುಂಡಮ್ಮ ಗುಡಿಯ ಬಾಗಿಲಲ್ಲಿ ನಿಂತು ಬೆರಳು ಮಡಚಿ ಎಣಿಸಿದಳು, ಎರಡು ಸಲ ಎಣಿಸಿದಳು.

ಮೈಕು ಇನ್ನೂ ಹಾಗೆಯೇ ಇತ್ತು, ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಎಲ್ಲಾ ಬಂದ್ವಾ ಗುಂಡಕ್ಕಾ?" ಎಂದು ಭಾಗ್ಯಲಕ್ಷ್ಮಿ ಮೂರು ಊರಿಗೂ ಕೇಳುವಂತೆ ಕೇಳಿದಳು.

"ನಲವತ್ತೂ ಬಂದೈತೆ" ಎಂದಳು ಗುಂಡಮ್ಮ.

ಮಗು ಒಂದು ಸಲ ಆಕಳಿಸಿದ್ದು ಕೇಳಿತು.

"ಅವ್ರು?"

ದೊಡ್ಡಕ್ಕ ಬಯಲಿನ ಕಡೆ ನೋಡಿದಳು. ಮಂದೆಯ ಕೊನೆಗೆ ಬರಬೇಕಾಗಿದ್ದವನು ಮೈಯೆಲ್ಲ ಧೂಳಾಗಿ, ಏದುಸಿರು ಬಿಡುತ್ತ, ಹಾರ್ನಿನ ಕೆಳಗೆ ಮುಖ ಮೇಲೆತ್ತಿಕೊಂಡು ನಿಂತಿದ್ದ. ಅವಳು ತಿಮ್ಮರಾಜುವಿನ ಕೈಯಿಂದ ಫೋನು ತೆಗೆದುಕೊಂಡಳು.

"ಬಂದವ್ನೆ ಕಣವ್ವಾ" ಎಂದಳು. "ಕೆಂಚಿಗಿಂತ ಮೊದ್ಲು ಬಂದವ್ನೆ."